ಪೋಕರ್ ಆಡಿ ಮನೆ ನಡೆಸಿದ ವರ್ಷಗಳು

2017ರಿಂದ 2025ರ ಆಗಸ್ಟ್‌ವರೆಗೆ ನನ್ನ ಮನೆ ಬಾಡಿಗೆ, ಅಮ್ಮನ ಔಷಧಿ, ಗಾಡಿಯ ಇಎಂಐ ಎಲ್ಲವೂ ಪೋಕರ್ ದುಡ್ಡಿನಲ್ಲೇ ನಡೆಯಿತು. ಹೀಗೆ ಹೇಳಿದ ಕೂಡಲೇ ಎದುರಿಗಿರುವವರು "ಎಷ್ಟು ಗೆದ್ದೆ?" ಅಂತಲೋ "ಎಷ್ಟು ಕಳೆದೆ?" ಅಂತಲೋ ಕೇಳುತ್ತಾರೆ. ಆ ಕೆಲಸ ದಿನಾ ಹೇಗಿರುತ್ತೆ ಅಂತ ಕೇಳುವವರು ಕಡಿಮೆ. ಹಾಗಾಗಿ ಅದನ್ನೇ ಬರೆಯುತ್ತಿದ್ದೇನೆ. ಈ ದಾರಿ ಹಿಡಿಯಬೇಕು ಅಂತ ಆಸೆಪಡುವ ಹುಡುಗರು ಈಗಲೂ ಇದ್ದಾರೆ, ಅವರಿಗೆ ನೇರವಾಗಿ ಗೊತ್ತಾಗಬೇಕಾದ ಕೆಲವು ವಿಷಯಗಳಿವೆ.

ನಮ್ಮೂರು ಹಾಸನದ ಕಡೆ. ಹಬ್ಬದಲ್ಲಿ, ಮದುವೆ ಮನೆಯಲ್ಲಿ ಇಸ್ಪೀಟು ಆಡುವುದನ್ನು ಚಿಕ್ಕಂದಿನಿಂದ ನೋಡಿದ್ದೇನೆ. ರಮ್ಮಿ, ಮೂರೆಲೆ, ಅಂದರ್ ಬಾಹರ್. ಅಂದರ್ ಬಾಹರ್‌ನಲ್ಲಿ ಆಡುವವನ ಕೈಯಲ್ಲಿ ಏನೂ ಇಲ್ಲ. ಎಲೆ ಒಳಗೆ ಬೀಳಬೇಕು ಇಲ್ಲವೇ ಹೊರಗೆ ಬೀಳಬೇಕು, ಅಷ್ಟೇ. ಪೋಕರ್ ಮೊದಲ ಸಲ ಆಡಿದಾಗ ನನಗೆ ಹಿಡಿಸಿದ್ದೇ ಈ ವ್ಯತ್ಯಾಸ. ಟೆಕ್ಸಾಸ್ ಹೋಲ್ಡೆಮ್‌ನಲ್ಲಿ ನಿಮ್ಮ ಕೈಯಲ್ಲಿ ಎರಡು ಎಲೆ, ಮೇಜಿನ ಮೇಲೆ ಎಲ್ಲರಿಗೂ ಸೇರಿದ ಐದು ಎಲೆ. ಮೊದಲು ಮೂರು ಎಲೆಯ ಫ್ಲಾಪ್, ಆಮೇಲೆ ಟರ್ನ್, ಕೊನೆಗೆ ರಿವರ್. ಒಂದೊಂದು ಹಂತದಲ್ಲೂ ಬಿಟ್ಟುಬಿಡಬಹುದು, ಮುಂದುವರಿಯಬಹುದು, ಏರಿಸಬಹುದು. ಕೆಟ್ಟ ಎಲೆ ಬಂದವನು ಕಡಿಮೆ ಕಳೆದುಕೊಂಡು ಎದ್ದು ಹೋಗಬಹುದು. ಒಳ್ಳೆಯ ಎಲೆ ಬಂದವನು ಆಡಲು ಬಾರದೆ ಎಲ್ಲವನ್ನೂ ಕಳೆದುಕೊಳ್ಳಬಹುದು.

ಆಗ ನಾನು ಬೆಂಗಳೂರಿನ ಒಂದು ಸಾಫ್ಟ್‌ವೇರ್ ಕಂಪನಿಯಲ್ಲಿ ಟೆಸ್ಟಿಂಗ್ ಕೆಲಸದಲ್ಲಿದ್ದೆ. 2013ರ ಅಕ್ಟೋಬರ್‌ನಲ್ಲಿ ಕರ್ನಾಟಕ ಹೈಕೋರ್ಟ್, ಇಂಡಿಯನ್ ಪೋಕರ್ ಅಸೋಸಿಯೇಷನ್ ಹಾಕಿದ್ದ ಅರ್ಜಿಯಲ್ಲಿ, ಪೋಕರನ್ನು ಕೌಶಲದ ಆಟವಾಗಿ ಆಡುವುದಾದರೆ ಲೈಸೆನ್ಸ್ ಬೇಕಿಲ್ಲ ಎಂದು ಹೇಳಿತ್ತು. ಅದಾದ ಮೇಲೆ ಊರಿನಲ್ಲಿ ಪೋಕರ್ ಕ್ಲಬ್‌ಗಳು ತಲೆ ಎತ್ತಿದವು. ಇಂದಿರಾನಗರ, ಕೋರಮಂಗಲದ ಕಡೆಯ ಹುಡುಗರು ಆಫೀಸ್ ಮುಗಿಸಿ ಅಲ್ಲಿಗೆ ಬರುತ್ತಿದ್ದರು. ನಾನೂ ಹೋದೆ. ಅಷ್ಟರಲ್ಲಿ ಆನ್‌ಲೈನ್ ಆಟವೂ ಬೆಳೆಯಿತು. ಹಗಲು ಕೆಲಸ, ರಾತ್ರಿ ಪೋಕರ್, ಹೀಗೆ ಮೂರ್ನಾಲ್ಕು ವರ್ಷ ನಡೆಯಿತು.

ಆಗ ಎಲ್ಲರ ಬಾಯಲ್ಲೂ ಕ್ರಿಸ್ ಮನಿಮೇಕರ್ ಹೆಸರು. ಅಮೆರಿಕದ ಒಬ್ಬ ಅಕೌಂಟೆಂಟ್, 86 ಡಾಲರ್‌ನ ಆನ್‌ಲೈನ್ ಟೂರ್ನಮೆಂಟ್‌ನಿಂದ ಶುರುಮಾಡಿ 2003ರಲ್ಲಿ ಲಾಸ್ ವೇಗಸ್‌ನಲ್ಲಿ ನಡೆಯುವ ಪೋಕರ್‌ನ ದೊಡ್ಡ ಪಂದ್ಯಾವಳಿ ವರ್ಲ್ಡ್ ಸೀರೀಸ್‌ನ ಮೇನ್ ಇವೆಂಟ್ ಗೆದ್ದ. ಬಂದ ಬಹುಮಾನ 25 ಲಕ್ಷ ಡಾಲರ್. ನಮ್ಮವರೂ ಗೆದ್ದಿದ್ದಾರೆ. 2018ರಲ್ಲಿ ನಿಕಿತಾ ಲೂಥರ್ ವರ್ಲ್ಡ್ ಸೀರೀಸ್‌ನಲ್ಲಿ ಗೆದ್ದವರಿಗೆ ಕೊಡುವ ಬ್ರೇಸ್‌ಲೆಟ್ ತಂದರು. 2024ರಲ್ಲಿ ಸಂತೋಷ್ ಸುವರ್ಣ ಎರಡೂವರೆ ಲಕ್ಷ ಡಾಲರ್ ಪ್ರವೇಶ ಶುಲ್ಕದ ಟೂರ್ನಮೆಂಟ್ ಗೆದ್ದು 54 ಲಕ್ಷ ಡಾಲರ್‌ಗೂ ಜಾಸ್ತಿ ಪಡೆದರು. ಇವರ ಬಗ್ಗೆ ನನಗೆ ಹೆಮ್ಮೆಯಿದೆ. ಆದರೆ ಪೋಕರ್‌ನಲ್ಲಿ ಜೀವನ ಮಾಡುವ ಹೆಚ್ಚಿನವರು ಸುದ್ದಿಗೆ ಬರುವವರಲ್ಲ. ತಿಂಗಳ ಕೊನೆಗೆ ಸಂಬಳದಷ್ಟು ಹಣ ಉಳಿಸುವ ಗ್ರೈಂಡರ್‌ಗಳು. ನಾನು ಆ ಸಾಲಿನವನು.

ಇಲ್ಲಿ ಒಂದು ಲೆಕ್ಕ ಹೇಳಲೇಬೇಕು. ಈ ವೃತ್ತಿಯ ಕಷ್ಟವೆಲ್ಲ ಇದರಲ್ಲೇ ಇದೆ.

ನಗದು ಆಟದಲ್ಲಿ ನಮ್ಮ ಗೆಲುವನ್ನು ನೂರು ಹ್ಯಾಂಡ್‌ಗೆ ಎಷ್ಟು ಬಿಗ್ ಬ್ಲೈಂಡ್ ಅಂತ ಅಳೆಯುತ್ತೇವೆ. ಹ್ಯಾಂಡ್ ಅಂದರೆ ಎಲೆ ಹಂಚಿ ಆಡಿ ಮುಗಿಸುವ ಒಂದು ಸುತ್ತು. ಬಿಗ್ ಬ್ಲೈಂಡ್ ಅಂದರೆ ಎಲೆ ನೋಡುವ ಮೊದಲೇ ಒಬ್ಬ ಆಟಗಾರ ಹಾಕಬೇಕಾದ ಕಡ್ಡಾಯ ಮೊತ್ತ. ಆನ್‌ಲೈನ್‌ನಲ್ಲಿ ನೂರು ಹ್ಯಾಂಡ್‌ಗೆ 5 ಬಿಗ್ ಬ್ಲೈಂಡ್ ಗೆಲ್ಲುವವನು ಒಳ್ಳೆಯ ಆಟಗಾರ. ಆದರೆ ಅದೇ ನೂರು ಹ್ಯಾಂಡ್‌ನ ಏರಿಳಿತ 90 ಬಿಗ್ ಬ್ಲೈಂಡ್ ಆಸುಪಾಸಿನಲ್ಲಿರುತ್ತದೆ. ಇದನ್ನೇ ನಾವು ವೇರಿಯನ್ಸ್ ಅನ್ನುವುದು. ಲೆಕ್ಕ ಹಾಕಿದರೆ, ಆ ಒಳ್ಳೆಯ ಆಟಗಾರ 10,000 ಹ್ಯಾಂಡ್ ಆಡಿದ ಮೇಲೂ ನಷ್ಟದಲ್ಲೇ ಇರುವ ಸಾಧ್ಯತೆ ಸುಮಾರು 29 ಪರ್ಸೆಂಟ್. ಒಂದು ಲಕ್ಷ ಹ್ಯಾಂಡ್ ಆದ ಮೇಲೆ ಅದು 4 ಪರ್ಸೆಂಟ್‌ಗೆ ಇಳಿಯುತ್ತದೆ.

ಇದನ್ನೇ ತಿರುಗಿಸಿ ನೋಡಿ. ನೂರು ಹ್ಯಾಂಡ್‌ಗೆ 5 ಬಿಗ್ ಬ್ಲೈಂಡ್ ಸೋಲುವ ಆಟಗಾರನೂ 10,000 ಹ್ಯಾಂಡ್ ಮುಗಿದಾಗ ಲಾಭದಲ್ಲಿರುವ ಸಾಧ್ಯತೆ ಅಷ್ಟೇ, 29 ಪರ್ಸೆಂಟ್. ಕ್ಲಬ್‌ನಲ್ಲಿ ಗಂಟೆಗೆ ಹೆಚ್ಚೆಂದರೆ ಮೂವತ್ತು ಹ್ಯಾಂಡ್ ನಡೆಯುತ್ತವೆ. 10,000 ಹ್ಯಾಂಡ್ ಅಂದರೆ 330 ಗಂಟೆಗೂ ಮೇಲೆ. ವಾರಕ್ಕೆ ಎರಡು ರಾತ್ರಿ ಹೋಗುವವನಿಗೆ ಸುಮಾರು ಅರ್ಧ ವರ್ಷ. ಅರ್ಧ ವರ್ಷ ಗೆದ್ದ ಹುಡುಗ ತಾನು ಚೆನ್ನಾಗಿ ಆಡುತ್ತೇನೆ ಅಂತ ನಂಬದೆ ಇರುತ್ತಾನಾ? ನಂಬಿ ಕೆಲಸ ಬಿಡುತ್ತಾನೆ. ನನ್ನ ಜೊತೆ ಆಡುತ್ತಿದ್ದವರಲ್ಲಿ ಹೀಗೆ ಬಿಟ್ಟವರನ್ನು ನೋಡಿದ್ದೇನೆ. ಅವರಿಗೆ ಸತ್ಯ ತಿಳಿಯುವ ಹೊತ್ತಿಗೆ ಉಳಿತಾಯ ಮುಗಿದಿತ್ತು.

ಬೇರೆ ಕೆಲಸಗಳಲ್ಲಿ ಹೀಗಿಲ್ಲ. ಬಡಗಿ ಮಾಡಿದ ಕುರ್ಚಿ ಅಲ್ಲಾಡುತ್ತಾ ಇಲ್ಲವಾ ಅಂತ ಕೂತ ಕೂಡಲೇ ಗೊತ್ತಾಗುತ್ತದೆ. ಪೋಕರ್‌ನಲ್ಲಿ ಇವತ್ತು ಸರಿಯಾಗಿ ಆಡಿದೆನಾ ಅನ್ನುವುದನ್ನು ಇವತ್ತಿನ ದುಡ್ಡು ಹೇಳುವುದಿಲ್ಲ. ಅದನ್ನು ನೀವೇ ಕೂತು ಕಂಡುಹಿಡಿಯಬೇಕು. ಹಾಗಾಗಿ ಎರಡು ಲಕ್ಷ ಹ್ಯಾಂಡ್‌ನ ದಾಖಲೆ ಕೈಗೆ ಬರುವವರೆಗೆ ನಾನು ಕೆಲಸ ಬಿಡಲಿಲ್ಲ. ಒಂದು ವರ್ಷದ ಮನೆಖರ್ಚು ಬೇರೆ ಖಾತೆಯಲ್ಲಿ ಇಟ್ಟಿದ್ದೆ. ಆಟದ ಬಂಡವಾಳ, ಅಂದರೆ ಬ್ಯಾಂಕ್‌ರೋಲ್, ಇನ್ನೊಂದು ಖಾತೆಯಲ್ಲಿ. ಬೈ-ಇನ್ ಅಂದರೆ ಒಂದು ಆಟಕ್ಕೆ ಕೂರಲು ಹಾಕುವ ಮೊತ್ತ. ನಗದು ಆಟಕ್ಕೆ ಕನಿಷ್ಠ ಐವತ್ತು ಬೈ-ಇನ್, ಟೂರ್ನಮೆಂಟ್‌ಗೆ ನೂರಕ್ಕಿಂತ ಜಾಸ್ತಿ. ಬಂಡವಾಳ ಇಳಿದರೆ ಸಣ್ಣ ಆಟಕ್ಕೆ ಇಳಿಯಬೇಕು. ಇದರಲ್ಲಿ ರಾಜಿ ಇಲ್ಲ.

ಒಂದು ಹ್ಯಾಂಡ್ ಬಿಡಿಸಿ ಹೇಳುತ್ತೇನೆ, ಕ್ಲಬ್‌ನಲ್ಲಿ ಆಡಿದ್ದು. ನನ್ನ ಕೈಯಲ್ಲಿ ಆಟೀನ್ ಒಂಬತ್ತು, ಆಟೀನ್ ಎಂಟು. ಮೇಜಿನ ಮೇಲೆ ಆಟೀನ್ ರಾಜ, ಆಟೀನ್ ನಾಲ್ಕು, ಕಳಾವರ್ ಗುಲಾಮ, ಟರ್ನ್‌ನಲ್ಲಿ ಇಸ್ಪೀಟ್ ಎರಡು. ಇನ್ನೊಂದು ಆಟೀನ್ ಬಿದ್ದರೆ ನನಗೆ ಫ್ಲಶ್, ಅಂದರೆ ಒಂದೇ ಬಣ್ಣದ ಐದು ಎಲೆ. ಪಾಟ್‌ನಲ್ಲಿ, ಅಂದರೆ ಎಲ್ಲರೂ ಹಾಕಿದ ಪಣದ ರಾಶಿಯಲ್ಲಿ, 6,000 ರೂಪಾಯಿ ಇತ್ತು. ಎದುರಿನವರು 3,000 ಹಾಕಿದರು. ಅವರ ಮುಂದೆ ಉಳಿದಿದ್ದು 1,500 ಮಾತ್ರ. ಅವರ ಬಳಿ ರಾಜನ ಜೋಡಿ ಇದೆ ಅನ್ನುವುದರಲ್ಲಿ ನನಗೆ ಸಂಶಯ ಇರಲಿಲ್ಲ.

ಈಗ ಲೆಕ್ಕ. ನಾನು 3,000 ಹಾಕಿದರೆ ಪಾಟ್ 12,000 ಆಗುತ್ತದೆ. ನಷ್ಟವಿಲ್ಲದೆ ಆಡಬೇಕಾದರೆ ನಾಲ್ಕರಲ್ಲಿ ಒಂದು ಸಲ, ಅಂದರೆ 25 ಪರ್ಸೆಂಟ್ ನಾನು ಗೆಲ್ಲಬೇಕು. ಆಟೀನ್ ಬಿದ್ದ ಮೇಲೆ ಅವರ ಕೊನೆಯ 1,500 ಕೂಡ ನನಗೇ ಬರುತ್ತದೆ ಅಂದುಕೊಂಡರೂ 22 ಪರ್ಸೆಂಟ್ ಬೇಕು. ನನಗೆ ಕಾಣದ ಎಲೆಗಳು 46. ಅದರಲ್ಲಿ ಆಟೀನ್ ಒಂಬತ್ತು. 46ಕ್ಕೆ 9 ಅಂದರೆ 20 ಪರ್ಸೆಂಟ್ ಕೂಡ ಇಲ್ಲ. ಫೋಲ್ಡ್ ಮಾಡಿದೆ, ಅಂದರೆ ಎಲೆ ಬಿಟ್ಟುಕೊಟ್ಟೆ. ಪಕ್ಕದಲ್ಲಿದ್ದವರು ಸುಮ್ನೆ ಕುತೂಹಲಕ್ಕೆ ಡೀಲರ್‌ಗೆ ಮುಂದಿನ ಎಲೆ ತೋರಿಸಲು ಹೇಳಿದರು. ಆಟೀನ್ ಆರು. ಮೇಜಿನ ಸುತ್ತ "ಅಯ್ಯೋ" ಅಂದರು. ಒಬ್ಬರು ನನ್ನ ಭುಜ ತಟ್ಟಿದರು.

ನಾನು ಆ ಹ್ಯಾಂಡನ್ನು ಮೊಬೈಲಿನಲ್ಲಿ ಬರೆದಿಟ್ಟುಕೊಂಡೆ, ಪಕ್ಕದಲ್ಲಿ "ಸರಿ" ಅಂತ ಗುರುತು ಹಾಕಿದೆ. ಅಷ್ಟೇ. ಇಂಥ ಫೋಲ್ಡ್ ಒಂದರಿಂದ ಉಳಿಯುವುದು ಕೆಲವು ನೂರು ರೂಪಾಯಿ. ವರ್ಷದ ಸಂಪಾದನೆ ಇಂಥ ನೂರುಗಳಿಂದಲೇ ಕೂಡಿಬರುತ್ತದೆ. ಬ್ಲಫ್ ಮಾಡಿ ಲಕ್ಷ ಹೊಡೆಯುವ ರಾತ್ರಿಗಳೂ ಇವೆ. ಆದರೆ ಬಾಡಿಗೆ ಕಟ್ಟುವುದು ಈ ಸಣ್ಣ ತೀರ್ಮಾನಗಳು.

ಇನ್ನು ದಿನಚರಿ. ಆನ್‌ಲೈನ್ ಆಟ ಬಿಸಿಯೇರುವುದು ರಾತ್ರಿ ಎಂಟರ ಮೇಲೆ. ಎರಡು ಗಂಟೆಯವರೆಗೆ ನಾಲ್ಕು ಟೇಬಲ್ ಒಟ್ಟಿಗೆ. ಒಂದು ತೀರ್ಮಾನಕ್ಕೆ ಹದಿನೈದು ಇಪ್ಪತ್ತು ಸೆಕೆಂಡ್. ಭಾನುವಾರ ದೊಡ್ಡ ಟೂರ್ನಮೆಂಟ್‌ಗಳ ದಿನ, ಹಾಗಾಗಿ ನೆಂಟರ ಮನೆ ಕಾರ್ಯಕ್ರಮಗಳೆಲ್ಲ ತಪ್ಪುತ್ತಿದ್ದವು. ಬೆಳಗ್ಗೆ ಎದ್ದು ಊಟ ಮುಗಿಸಿ ಓದು. ಓದು ಅಂದರೆ ಸಾಲ್ವರ್ ಅನ್ನುವ ಸಾಫ್ಟ್‌ವೇರ್. ಒಂದು ಸನ್ನಿವೇಶ ಕೊಟ್ಟರೆ, ಯಾರೂ ನಿಮ್ಮನ್ನು ಬಳಸಿಕೊಳ್ಳಲಾಗದ ಹಾಗೆ ಹೇಗೆ ಆಡಬೇಕು ಅಂತ ಅದು ಲೆಕ್ಕ ಹಾಕಿ ತೋರಿಸುತ್ತದೆ. 2019ರಲ್ಲಿ ಪ್ಲೂರಿಬಸ್ ಎಂಬ ಕಂಪ್ಯೂಟರ್ ಪ್ರೋಗ್ರಾಂ ಆರು ಜನರ ಮೇಜಿನಲ್ಲಿ ಪಳಗಿದ ವೃತ್ತಿಪರರನ್ನೇ ಸೋಲಿಸಿತು. ಅಷ್ಟರ ಮೇಲೆ "ನನಗೆ ಎದುರಿನವನ ಮುಖ ನೋಡಿದರೇ ಗೊತ್ತಾಗುತ್ತೆ" ಅನ್ನುವ ಹಳೇ ಆಟಗಾರರ ಆದಾಯ ಇಳಿಯುತ್ತಾ ಬಂತು. ಓದದವನಿಗೆ ಉಳಿಗಾಲವಿಲ್ಲ ಅನ್ನುವುದು ಎಲ್ಲರಿಗೂ ಅರ್ಥವಾಯಿತು. ಒಂದು ಗಂಟೆ ಆಟಕ್ಕೆ ಅರ್ಧ ಗಂಟೆ ಓದು, ಇದು ನನ್ನ ಅಳತೆ.

ಡೌನ್‌ಸ್ವಿಂಗ್, ಅಂದರೆ ಸಾಲಾಗಿ ಸೋಲುವ ಕಾಲ, ಅದರ ಬಗ್ಗೆ ಬರೆಯದೆ ಇರಲಾಗದು. ಎಕ್ಕದ ಜೋಡಿ ಬರುವುದು 221 ಹ್ಯಾಂಡ್‌ಗೆ ಒಂದು ಸಲ. ಅದು ಬಂದು, ಎದುರಿಗೆ ರಾಜನ ಜೋಡಿ ಇದ್ದು, ಎಲ್ಲ ಹಣ ಮೇಜಿಗೆ ಬಂದರೂ ನೂರಕ್ಕೆ 18 ಸಲ ಎಕ್ಕವೇ ಸೋಲುತ್ತದೆ. ಸತತವಾಗಿ ನಾಲ್ಕು ಸಲ ಸೋಲಲೂಬಹುದು. 2019ರ ಬೇಸಿಗೆಯಲ್ಲಿ ತಿಂಗಳುಗಟ್ಟಲೆ ನಷ್ಟದಲ್ಲೇ ಇದ್ದೆ. ಹ್ಯಾಂಡ್‌ಗಳನ್ನೆಲ್ಲ ಮತ್ತೆ ನೋಡಿದೆ, ನನಗಿಂತ ಚೆನ್ನಾಗಿ ಆಡುವ ಗೆಳೆಯನಿಗೂ ಕಳಿಸಿದೆ. ಆಟ ಸರಿಯಾಗಿಯೇ ಇತ್ತು. ಸರಿಯಾಗಿ ಆಡಿಯೂ ದಿನಾ ಸೋಲುವುದು ಮನಸ್ಸನ್ನು ಬೇರೆಯೇ ರೀತಿ ಕಾಡುತ್ತದೆ. ನಿದ್ದೆ ಬರುವುದಿಲ್ಲ. ಮನೆಯವರ ಮೇಲೆ ಕಾರಣವಿಲ್ಲದೆ ರೇಗುತ್ತೀರಿ. ಸಿಟ್ಟಿನಲ್ಲಿ ಆಡಿದರೆ ಅದು ಟಿಲ್ಟ್, ಬ್ಯಾಂಕ್‌ರೋಲ್ ಒಂದು ರಾತ್ರಿಯಲ್ಲಿ ಕರಗುತ್ತದೆ. ನನಗೆ ನೆರವಾಗಿದ್ದು ಒಂದು ನಿಯಮ. ಮೂರು ಬೈ-ಇನ್ ಹೋದರೆ ಲ್ಯಾಪ್‌ಟಾಪ್ ಮುಚ್ಚಿ ಹೊರಗೆ ನಡೆಯಲು ಹೋಗಬೇಕು, ಆಟ ಎಷ್ಟೇ ಚೆನ್ನಾಗಿದ್ದರೂ.

ಸ್ವಂತ ದುಡ್ಡಿಲ್ಲದವರು ಬ್ಯಾಕರ್ ಹಿಡಿಯುತ್ತಾರೆ. ಪ್ರವೇಶ ಶುಲ್ಕವೆಲ್ಲ ಬ್ಯಾಕರ್‌ದು, ಲಾಭದಲ್ಲಿ ಸಾಮಾನ್ಯವಾಗಿ ಅರ್ಧರ್ಧ. ನಷ್ಟವಾದರೆ ಅದು ಮೇಕಪ್ ಅಂತ ಲೆಕ್ಕದಲ್ಲಿ ಉಳಿಯುತ್ತದೆ, ಮುಂದೆ ಗೆದ್ದಾಗ ಮೊದಲು ಅದು ತೀರಬೇಕು. ದೊಡ್ಡ ಮೇಕಪ್‌ನಲ್ಲಿ ಸಿಕ್ಕಿಕೊಂಡ ಹುಡುಗನಿಗೆ ಗೆದ್ದರೂ ಕೈಗೆ ಕಾಸು ಬರುವುದಿಲ್ಲ. ಒಳ್ಳೆಯ ಬ್ಯಾಕರ್‌ಗಳೂ ಇದ್ದಾರೆ. ಆದರೆ ಈ ವ್ಯವಹಾರವೆಲ್ಲ ಬಾಯಿಮಾತಿನಲ್ಲಿ ನಡೆಯುವುದು ತಪ್ಪು, ಕಾಗದದ ಮೇಲೆ ಬರೆಸಿಕೊಳ್ಳಿ ಅಂತಲೇ ನಾನು ಹೇಳುವುದು.

ಟೂರ್ನಮೆಂಟ್‌ಗಳಿಗೆ ಗೋವಾ. ಪಣಜಿಯಲ್ಲಿ ಮಾಂಡೋವಿ ನದಿಯ ಮೇಲೆ ನಿಂತ ಕ್ಯಾಸಿನೊ ಹಡಗುಗಳಲ್ಲಿ ದೇಶದ ದೊಡ್ಡ ಪೋಕರ್ ಪಂದ್ಯಗಳು ನಡೆಯುತ್ತವೆ. ಬೆಂಗಳೂರಿನಿಂದ ರಾತ್ರಿ ಬಸ್ ಹತ್ತಿದರೆ ಬೆಳಗ್ಗೆ ಅಲ್ಲಿ. ದೋಣಿಯಲ್ಲಿ ಹಡಗಿಗೆ ಕರೆದುಕೊಂಡು ಹೋಗುತ್ತಾರೆ. ಒಳಗೆ ಹೋದರೆ ಹಗಲು ರಾತ್ರಿ ಗೊತ್ತಾಗುವುದಿಲ್ಲ. ಬಹುಮಾನ ಸಿಗುವುದು ನೂರಕ್ಕೆ ಹನ್ನೆರಡರಿಂದ ಹದಿನೈದು ಜನರಿಗೆ. ಅಂದರೆ ಎಷ್ಟೇ ಚೆನ್ನಾಗಿ ಆಡುವವನೂ ಹೆಚ್ಚಿನ ಸಲ ಬರಿಗೈಯಲ್ಲಿ ಎದ್ದು ಬರುತ್ತಾನೆ.

ಅದರ ಮೇಲೆ ತೆರಿಗೆ. ಇದನ್ನು ಯಾರೂ ಮೊದಲೇ ಹೇಳುವುದಿಲ್ಲ. ಇಸ್ಪೀಟಿನ ಗೆಲುವಿಗೆ 30 ಪರ್ಸೆಂಟ್ ತೆರಿಗೆ, 4 ಪರ್ಸೆಂಟ್ ಸೆಸ್ ಬೇರೆ. ಖರ್ಚು ಕಳೆಯುವಂತಿಲ್ಲ, ಬೇರೆ ಪಂದ್ಯದ ನಷ್ಟ ಕಳೆಯುವಂತಿಲ್ಲ. ತಲಾ 30,000 ರೂಪಾಯಿಯ ಹತ್ತು ಟೂರ್ನಮೆಂಟ್ ಆಡಿದಿರಿ ಅನ್ನಿ. ಒಂಬತ್ತರಲ್ಲಿ ಸೋತಿರಿ, 2,70,000 ಹೋಯಿತು. ಹತ್ತನೆಯದರಲ್ಲಿ ಬೈ-ಇನ್ ಕಳೆದು 4 ಲಕ್ಷ ಗೆದ್ದಿರಿ. ಅದರ ಮೇಲಿನ ತೆರಿಗೆ ಸೆಸ್ ಸೇರಿ 1,24,800. ಕೈಯಲ್ಲಿ ಉಳಿದಿದ್ದು 5,200 ರೂಪಾಯಿ. ಬಸ್ಸು, ರೂಮು, ಊಟ ಇನ್ನೂ ಲೆಕ್ಕಕ್ಕೆ ಬಂದಿಲ್ಲ. ಆನ್‌ಲೈನ್ ಆಟಕ್ಕೆ 2023ರ ಏಪ್ರಿಲ್‌ನಿಂದ ವರ್ಷದ ನಿವ್ವಳ ಗೆಲುವಿನ ಮೇಲೆ ತೆರಿಗೆ ಅಂತ ಆಯಿತು. ಅದು ನಿಜಕ್ಕೂ ಸಮಾಧಾನದ ವಿಷಯವಾಗಿತ್ತು. ಆದರೆ ಅದೇ ವರ್ಷ ಅಕ್ಟೋಬರ್ 1ರಿಂದ ಆಟಗಾರ ಹಾಕುವ ಹಣದ ಮೇಲೆಯೇ 28 ಪರ್ಸೆಂಟ್ ಜಿಎಸ್‌ಟಿ ಬಂತು. ಅಲ್ಲಿಯವರೆಗೆ ಕಂಪನಿ ಪಡೆಯುವ ಶುಲ್ಕದ ಮೇಲೆ ಮಾತ್ರ 18 ಪರ್ಸೆಂಟ್ ಇತ್ತು. ಕಂಪನಿಗಳು ಆ ತೆರಿಗೆಯ ಭಾರವನ್ನು ಬೋನಸ್ ಕೊಟ್ಟು ಸ್ವಲ್ಪ ದಿನ ತಾವೇ ಹೊತ್ತವು. ಆದರೂ ಟೇಬಲ್‌ಗಳು ತೆಳ್ಳಗಾದವು.

ಮನೆ ಸಾಲಕ್ಕೆ ಹೋದಾಗ ಈ ವೃತ್ತಿಯ ಇನ್ನೊಂದು ಮುಖ ಕಂಡಿತು. ಸಾಲು ಸಾಲು ವರ್ಷದ ಐಟಿ ರಿಟರ್ನ್ಸ್, ಕಟ್ಟಿದ ತೆರಿಗೆಯ ರಸೀದಿ ಎಲ್ಲ ಇಟ್ಟೆ. ಬ್ಯಾಂಕಿನವರು ಸೌಜನ್ಯದಿಂದಲೇ ಮಾತಾಡಿದರು. ಆದರೆ ಆ ಆದಾಯವನ್ನು ಆದಾಯ ಅಂತ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಅಪ್ಪನಿಗೆ ಅದು ತುಂಬ ನೋವಾಯಿತು. ಮೊದಲು ಈ ಕೆಲಸವನ್ನು ವಿರೋಧಿಸಿದ್ದವರು ಅವರೇ. ಆಮೇಲೆ ನನ್ನ ತಿಂಗಳ ಲೆಕ್ಕ ನೋಡಿ ಒಪ್ಪಿಕೊಂಡಿದ್ದರು, "ತೆರಿಗೆ ಕಟ್ಟಿದ ದುಡ್ಡಿಗೆ ಯಾಕೆ ಬೆಲೆ ಇಲ್ಲ?" ಅಂತ ಎರಡು ದಿನ ಕೇಳುತ್ತಲೇ ಇದ್ದರು.

ಕಾನೂನು ನಮ್ಮನ್ನು ಎರಡು ಸಲ ತಡೆಯಿತು. 2021ರ ಅಕ್ಟೋಬರ್ 5ರಂದು ಕರ್ನಾಟಕ ಪೊಲೀಸ್ ತಿದ್ದುಪಡಿ ಕಾಯ್ದೆ ಜಾರಿಗೆ ಬಂತು. ಪಣ ಇಟ್ಟು ಆಡುವ ಆನ್‌ಲೈನ್ ಆಟ ರಾಜ್ಯದಲ್ಲಿ ಅಪರಾಧವಾಯಿತು. ಮೂರು ವರ್ಷದವರೆಗೆ ಜೈಲು, ಒಂದು ಲಕ್ಷದವರೆಗೆ ದಂಡ. ಆ್ಯಪ್‌ಗಳು ಕರ್ನಾಟಕದ ಆಟಗಾರರಿಗೆ ಬಾಗಿಲು ಮುಚ್ಚಿದವು. ನಾನು ಲ್ಯಾಪ್‌ಟಾಪ್, ಎರಡು ಜೊತೆ ಬಟ್ಟೆ ಹಿಡಿದು ಗೋವಾಕ್ಕೆ ಹೋದೆ. ಅಲ್ಲಿ ಒಂದು ಬಾಡಿಗೆ ಮನೆಯಲ್ಲಿ ಬೆಂಗಳೂರಿನ ನಾಲ್ಕೈದು ಗ್ರೈಂಡರ್‌ಗಳು ಸೇರಿದೆವು. ಹಗಲು ಒಟ್ಟಿಗೆ ಸಾಲ್ವರ್ ಮುಂದೆ ವಾದ, ರಾತ್ರಿ ಆಟ, ನಡುವೆ ಯಾರೋ ಒಬ್ಬರು ಮಾಡಿದ ಅನ್ನ ಸಾರು. ಆಟದ ದೃಷ್ಟಿಯಿಂದ ನಾನು ಅತಿ ಹೆಚ್ಚು ಕಲಿತಿದ್ದು ಆ ಮನೆಯಲ್ಲೇ. 2022ರ ಫೆಬ್ರವರಿ 14ರಂದು ಹೈಕೋರ್ಟ್ ಆ ತಿದ್ದುಪಡಿಯ ಮುಖ್ಯ ಭಾಗಗಳನ್ನು ರದ್ದು ಮಾಡಿತು. ವಾಪಸ್ ಬಂದೆವು.

ಎರಡನೇ ಸಲದ್ದು ದೊಡ್ಡದು. ಕೇಂದ್ರದ ಆನ್‌ಲೈನ್ ಗೇಮಿಂಗ್ ಮಸೂದೆಗೆ 2025ರ ಆಗಸ್ಟ್ 20ರಂದು ಲೋಕಸಭೆಯ ಒಪ್ಪಿಗೆ, 21ರಂದು ರಾಜ್ಯಸಭೆಯ ಒಪ್ಪಿಗೆ, 22ರಂದು ರಾಷ್ಟ್ರಪತಿಗಳ ಅಂಕಿತ. ಹಣ ಇಟ್ಟು ಆಡುವ ಆನ್‌ಲೈನ್ ಆಟಗಳೆಲ್ಲ ದೇಶದಾದ್ಯಂತ ನಿಷೇಧ. ಕೌಶಲದ ಆಟ, ಅದೃಷ್ಟದ ಆಟ ಅನ್ನುವ ಭೇದ ಇದರಲ್ಲಿ ಇಲ್ಲ. ಆಟಗಾರರಿಗೆ ಶಿಕ್ಷೆ ಇಲ್ಲ, ನಡೆಸುವವರಿಗೆ ಮೂರು ವರ್ಷದವರೆಗೆ ಜೈಲು, ಒಂದು ಕೋಟಿಯವರೆಗೆ ದಂಡ. ಬುಧವಾರ ರಾತ್ರಿ ಮಾಮೂಲಿನಂತೆ ಆಡಿದ್ದವನು ಶನಿವಾರದ ಹೊತ್ತಿಗೆ ನಿರುದ್ಯೋಗಿ. ನನ್ನ ಹಣ ಖಾತೆಗೆ ವಾಪಸ್ ಬಂತು. ಆ್ಯಪ್ ತೆರೆದರೆ ಪೋಕರ್ ಟೇಬಲ್ ಇರುತ್ತಿದ್ದ ಜಾಗದಲ್ಲಿ ಒಂದು ಪ್ರಕಟಣೆ ಇತ್ತು.

ಈ ಕಾನೂನು ಯಾಕೆ ಬಂತು ಅಂತ ನನಗೆ ಗೊತ್ತಿದೆ. ಪೋಕರ್‌ನಲ್ಲಿ ನಾನು ಗೆದ್ದ ಹಣ ಬೇರೊಬ್ಬರು ಕಳೆದುಕೊಂಡ ಹಣ. ಅದರಲ್ಲಿ ಹೆಚ್ಚಿನವರು ಸಿನಿಮಾಗೆ ಹೋದ ಹಾಗೆ ಸ್ವಲ್ಪ ದುಡ್ಡು ಹಾಕಿ ಆಡುವವರು. ಆದರೆ ಎಲ್ಲರೂ ಹಾಗಿರಲಿಲ್ಲ. ಬೆಳಗಿನ ಜಾವ ಮೂರು ಗಂಟೆಗೆ ಮತ್ತೆ ಮತ್ತೆ ಹಣ ತುಂಬಿ, ಎಲೆ ನೋಡದೆಯೇ ಆಲ್-ಇನ್ ಮಾಡುವ, ಅಂದರೆ ಇದ್ದಿದ್ದನ್ನೆಲ್ಲ ಒಮ್ಮೆಲೇ ಪಣಕ್ಕಿಡುವ ಒಂದು ಹೆಸರು ಪರದೆ ಮೇಲೆ ಕಾಣುತ್ತಿತ್ತು. ಅದು ಮೋಜಿನ ಆಟವಲ್ಲ ಅಂತ ನೋಡಿದವರಿಗೆ ತಿಳಿಯುತ್ತಿತ್ತು. ಅಂಥ ಹೊತ್ತಿನಲ್ಲಿ ನಾನು ಟೇಬಲ್ ಬಿಟ್ಟು ಹೋಗುತ್ತಿದ್ದೆ. ನಾನು ಬಿಟ್ಟ ಜಾಗಕ್ಕೆ ಇನ್ನೊಬ್ಬ ಬಂದು ಕೂರುತ್ತಿದ್ದ. ಒಬ್ಬನ ನಿಯತ್ತಿನಿಂದ ಅದು ನಿಲ್ಲುವುದಿಲ್ಲ, ನಿಯಮ ಬೇಕು. ತಿಂಗಳಿಗೆ ಇಷ್ಟೇ ಹಣ ಹಾಕಬಹುದು, ರಾತ್ರಿ ಇಷ್ಟು ಹೊತ್ತಿನ ಮೇಲೆ ಹಣ ತುಂಬುವಂತಿಲ್ಲ, ಸಾಲದ ಹಣ ಬರುವಂತಿಲ್ಲ ಅಂತ ಬಿಗಿ ಕಟ್ಟಳೆ ಮಾಡಿದ್ದರೆ ಸಂಸಾರಗಳೂ ಉಳಿಯುತ್ತಿದ್ದವು, ಕೌಶಲದ ಆಟವೂ ಉಳಿಯುತ್ತಿತ್ತು. ಇದು ನನ್ನ ಗಟ್ಟಿ ಅಭಿಪ್ರಾಯ. ಪೂರ್ತಿ ಮುಚ್ಚಿದರೆ ಆ ಮೂರು ಗಂಟೆಯ ಮನುಷ್ಯ ಕದ್ದುಮುಚ್ಚಿ ನಡೆಯುವ ಕಡೆಗೆ ಹೋಗುತ್ತಾನೆ, ಅಲ್ಲಿ ಅವನನ್ನು ಕೇಳುವವರೇ ಇರುವುದಿಲ್ಲ. ಕಾಯ್ದೆಯನ್ನು ಪ್ರಶ್ನಿಸಿ ಹಾಕಿದ ಅರ್ಜಿಗಳು ಕರ್ನಾಟಕವೂ ಸೇರಿದಂತೆ ಬೇರೆ ಬೇರೆ ಹೈಕೋರ್ಟ್‌ಗಳಿಂದ ಸುಪ್ರೀಂ ಕೋರ್ಟಿಗೆ ಹೋಗಿವೆ.

ನನ್ನ ಜೊತೆಗಿದ್ದವರು ಚದುರಿದರು. ಕೆಲವರು ವಿಯೆಟ್ನಾಂ ಕಡೆಯ ಟೂರ್ನಮೆಂಟ್‌ಗಳಿಗೆ ಹೋಗುತ್ತಾರೆ. ಒಬ್ಬ ಷೇರು ಮಾರುಕಟ್ಟೆಯ ಟ್ರೇಡಿಂಗ್ ಸಂಸ್ಥೆ ಸೇರಿದ, ಇನ್ನೊಬ್ಬ ಊರಿಗೆ ಹೋಗಿ ಕಾಫಿ ತೋಟ ನೋಡಿಕೊಳ್ಳುತ್ತಿದ್ದಾನೆ. ನಾನು ಒಂದು ಕಂಪನಿಯಲ್ಲಿ ವಂಚನೆ ಪತ್ತೆ ಮಾಡುವ ಡೇಟಾ ತಂಡದಲ್ಲಿದ್ದೇನೆ. ಇಂಟರ್‌ವ್ಯೂನಲ್ಲಿ ಇಷ್ಟು ವರ್ಷ ಏನು ಮಾಡುತ್ತಿದ್ದಿರಿ ಅಂತ ಕೇಳಿದರು. ಇದ್ದದ್ದನ್ನು ಇದ್ದ ಹಾಗೆ ಹೇಳಿ, ಸಾಧ್ಯತೆಯ ಲೆಕ್ಕಗಳನ್ನು ಬೋರ್ಡಿನ ಮೇಲೆ ಬಿಡಿಸಿ ತೋರಿಸಿದೆ. ಸಂಬಳ ಈಗ ಒಂದನೇ ತಾರೀಖಿಗೆ ಬರುತ್ತದೆ. ಅಮ್ಮನಿಗೆ ಅದರಿಂದ ಆಗಿರುವ ನೆಮ್ಮದಿ ಸಣ್ಣದಲ್ಲ.

ಗೋವಾದ ಮೇಜುಗಳು ಈ ಕಾಯ್ದೆಗೆ ಸೇರಿಲ್ಲ, ಅದು ಆನ್‌ಲೈನ್‌ಗೆ ಮಾತ್ರ. ರಜೆ ಸಿಕ್ಕಾಗ ಹೋಗುತ್ತೇನೆ. ಬ್ಯಾಂಕ್‌ರೋಲ್ ಇನ್ನೂ ಪ್ರತ್ಯೇಕ ಖಾತೆಯಲ್ಲೇ ಇದೆ, ಒಂದು ಪಂದ್ಯಕ್ಕೆ ಅದರ ನೂರನೇ ಒಂದು ಭಾಗಕ್ಕಿಂತ ಜಾಸ್ತಿ ಹಾಕುವುದಿಲ್ಲ. ದೊಡ್ಡ ಬೈ-ಇನ್ ಇದ್ದರೆ ಗೆಳೆಯರಿಗೆ ಪಾಲು ಮಾರುತ್ತೇನೆ. ಮುಂದಿನ ಸಲಕ್ಕೆ ಅರ್ಧ ಪಾಲು ಈಗಾಗಲೇ ಹೋಗಿದೆ. ಈ ವಾರ ಓದುತ್ತಿರುವುದು ಇಪ್ಪತ್ತು ಬಿಗ್ ಬ್ಲೈಂಡ್ ಉಳಿದಾಗ ಬಟನ್‌ನಿಂದ, ಅಂದರೆ ಡೀಲರ್ ಸ್ಥಾನದಿಂದ, ಯಾವ ಯಾವ ಎಲೆಗೆ ಆಲ್-ಇನ್ ಮಾಡಬೇಕು ಅನ್ನುವುದನ್ನು.